ಪ್ರಶ್ನೋತ್ತರ: ಊರು ಬಿಟ್ಟು ವಿಮಾನ ಇಳಿಯುವತನಕ ಎಷ್ಟು ತಾಸು?

ಪ್ರಶ್ನೆ: ರಾಯಚೂರಿನಿಂದ ಬೆಂಗಳೂರಿಗೆ ವಿಮಾನದ ದೂರ 360 ಕಿ.ಮೀ. ಎಂದು ಮೊಬೈಲ್ ತೋರಿಸುತ್ತದೆ. ಬಸ್ಸಿನವರು 400 ದಾಟುತ್ತದೆ ಎನ್ನುತ್ತಾರೆ. ಯಾವುದು ಸರಿ? ವಿಮಾನದಲ್ಲಿ ಹೋದರೆ ಬೇಗ ಮುಟ್ಟಬಹುದೆ?
– ಓದುಗರು, ದೇವದುರ್ಗ

ಉತ್ತರ: ಎರಡೂ ಸರಿ. ಮೊಬೈಲ್ ತೋರಿಸುವುದು ನೇರ ಗೆರೆಯ ದೂರ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಅಕ್ಷಾಂಶದಲ್ಲಿ ಮೂರೂಕಾಲು ಡಿಗ್ರಿ ಅಂತರ. ಡಿಗ್ರಿಗೆ ಸುಮಾರು 111 ಕಿ.ಮೀ.ನಂತೆ ಗುಣಿಸಿದರೆ 360 ಬರುತ್ತದೆ. ರಸ್ತೆ ಬಳಸಿಕೊಂಡು ಹೋಗುವುದರಿಂದ 400 ದಾಟುತ್ತದೆ.

ಆದರೆ ರಾಯಚೂರಿನಿಂದ ಇನ್ನೂ ಪ್ರಯಾಣಿಕರ ವಿಮಾನ ಹಾರುತ್ತಿಲ್ಲ. ವಿಮಾನವೇ ಬೇಕೆಂದರೆ ಹೈದರಾಬಾದಿನ ಶಂಷಾಬಾದ್‌ಗೆ ಹೋಗಬೇಕು. ದೇವದುರ್ಗದಿಂದ ರಾಯಚೂರು ಸುಮಾರು 55 ಕಿ.ಮೀ.; ಅಲ್ಲಿಂದ ಶಕ್ತಿನಗರದ ಬಳಿ ಕೃಷ್ಣೆ ದಾಟಿ, ಮಕ್ತಲ್, ಮಹಬೂಬ್‌ನಗರದ ಮೇಲೆ ಇನ್ನೂ 190 ಕಿ.ಮೀ. ರಸ್ತೆಗೇ ಐದು ತಾಸು, ನಿಲ್ದಾಣದಲ್ಲಿ ಎರಡು ತಾಸು, ಹಾರಾಟ ಒಂದೂಕಾಲು ತಾಸು, ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ಒಳಗೆ ಬರಲು ಒಂದೂವರೆ ತಾಸು. ಒಟ್ಟು ಹತ್ತು ತಾಸಿನ ಹತ್ತಿರ! ಉದ್ಯಾನ್ ಎಕ್ಸ್‌ಪ್ರೆಸ್ ರಾತ್ರಿ ರಾಯಚೂರು ಬಿಟ್ಟು ಬೆಳಗ್ಗೆ ಬೆಂಗಳೂರು ಸೇರುತ್ತದೆ. ನಿಮಗೆ ರೈಲೇ ಲೇಸು.

ಪ್ರಶ್ನೆ: ಮಗ ಕೆಲಸಕ್ಕೆಂದು ದುಬೈಗೆ ಹೊರಟಿದ್ದಾನೆ. ಟಿಕೆಟ್‌ನಲ್ಲಿ ಬೆಳಗ್ಗೆ 10ಕ್ಕೆ ಹೈದರಾಬಾದ್ ಬಿಟ್ಟು 12.30ಕ್ಕೆ ದುಬೈ ಎಂದಿದೆ. ಬರೀ ಎರಡೂವರೆ ತಾಸೆ? ಮನೆ ಯಾವಾಗ ಬಿಡಬೇಕು?
– ಓದುಗರು, ಮಾನ್ವಿ

ಉತ್ತರ: ಅಲ್ಲ, ಸುಮಾರು ನಾಲ್ಕು ತಾಸು. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ವೇಳೆ ಬರೆದಿರುತ್ತದೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಅವನು ಅಲ್ಲಿ ಇಳಿದಾಗ ಮಾನ್ವಿಯಲ್ಲಿ ಮಧ್ಯಾಹ್ನ ಎರಡು. ಅಲ್ಲಿಯತನಕ ಫೋನ್ ಬರಲಿಲ್ಲವೆಂದು ಗಾಬರಿಯಾಗಬೇಡಿ. ಮರಳಿ ಬರುವಾಗ ಲೆಕ್ಕ ತಿರುಗುಮುರುಗು: ಟಿಕೆಟ್‌ನಲ್ಲಿ ಐದು ತಾಸು ಕಂಡರೂ ಹಾರಾಟ ಮೂರೂವರೆ ತಾಸಿನ ಆಸುಪಾಸು. ಹತ್ತು ಕಿ.ಮೀ. ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಗಾಳಿ ಬರುವ ವಿಮಾನವನ್ನು ಹಿಂದಿನಿಂದ ನೂಕುತ್ತದೆ, ಹೋಗುವುದಕ್ಕೆ ಎದುರಾಗುತ್ತದೆ.

ವಿದೇಶದ ವಿಮಾನಕ್ಕೆ ಮೂರು ತಾಸು ಮೊದಲೇ, ಎಂದರೆ 7ಕ್ಕೆ, ನಿಲ್ದಾಣದಲ್ಲಿರಬೇಕು. ಮಾನ್ವಿಯಿಂದ ಸುಮಾರು 240 ಕಿ.ಮೀ., ಐದು ತಾಸು. ಟೈರ್ ಪಂಕ್ಚರ್ ಆದೀತು, ದಾರಿಯಲ್ಲಿ ಲಾರಿ ನಿಂತೀತು ಎಂದು ಒಂದು ತಾಸು ಕೈಯಲ್ಲಿಟ್ಟುಕೊಂಡು ರಾತ್ರಿ ಒಂದಕ್ಕೆ ಹೊರಡಿ. ಇಲ್ಲವೇ ಹಿಂದಿನ ಸಂಜೆಯೇ ಹೈದರಾಬಾದ್ ಸೇರಿಕೊಳ್ಳಿ.

ಪ್ರಶ್ನೆ: ರಾಯಚೂರಿನ ಬಳಿಯ ಯರಮರಸ್‌ನಲ್ಲಿ ವಿಮಾನ ನಿಲ್ದಾಣವಾದರೆ ಬೆಂಗಳೂರು ಎಷ್ಟು ಹೊತ್ತು?
– ಓದುಗರು, ರಾಯಚೂರು ನಗರ

ಉತ್ತರ: ಸಣ್ಣ ಊರುಗಳಿಗೆ ಹೆಚ್ಚಾಗಿ ಬರುವುದು ತಾಸಿಗೆ 500 ಕಿ.ಮೀ. ಆಸುಪಾಸಿನ ವೇಗದ, ರೆಕ್ಕೆಗೆ ಪಂಖ ಇರುವ ಎಟಿಆರ್ ವಿಮಾನ. ಮೇಲೇರಲು, ಇಳಿಯಲು ಹೊತ್ತು ಹಿಡಿಯುವುದರಿಂದ ಒಂದೂಕಾಲು ತಾಸು ಎಂದಿಟ್ಟುಕೊಳ್ಳಿ. ನಮ್ಮ ಭಾಗದಲ್ಲೇ ನೋಡಿ, 2019ರ ನವೆಂಬರ್‌ನಲ್ಲಿ ಕಲಬುರಗಿಯ ನಿಲ್ದಾಣ ಶುರುವಾಯಿತು. ಆದರೆ ನಿಲ್ದಾಣವಿದ್ದ ಮಾತ್ರಕ್ಕೆ ದಿನವೂ ವಿಮಾನ ಇರುತ್ತದೆಂದಿಲ್ಲ. ಸೀಟು ತುಂಬಿದರಷ್ಟೇ ಕಂಪನಿಗಳು ಹಾರಿಸುತ್ತವೆ. ನಿಲ್ದಾಣ ಕೇಳುವಾಗಲೇ ನಿತ್ಯದ ವಿಮಾನವನ್ನೂ, ದೇವದುರ್ಗ, ಮಾನ್ವಿಗಳಿಂದ ಹೊತ್ತಿಗೆ ಸರಿಯಾದ ಬಸ್ಸನ್ನೂ ಕೇಳಿ.