ಠಾಣೆಯ ಅರಸರೂ ತೇರ್ ಗ್ರಾಮವೂ

ಇಂದು ಲೋಕಲ್ ರೈಲುಗಳ ಸದ್ದಿನಲ್ಲಿ ಮುಳುಗಿರುವ ಠಾಣೆಯು, ಶಾಸನಗಳಲ್ಲಿ ಶ್ರೀಸ್ಥಾನಕವೆನಿಸಿ, ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ತಲೆಯೆತ್ತಿದ ಉತ್ತರ ಕೊಂಕಣದ ಶಿಲಾಹಾರರಿಗೆ ರಾಜಧಾನಿಯಾಗಿದ್ದಿತು. ಕಡಲತಡಿಯನ್ನಾಳಿದ ಈ ಅರಸರು ‘ತಗರಪುರವರಾಧೀಶ್ವರ’ರೆಂಬ ಬಿರುದನ್ನು ಧರಿಸಿದುದೇ ಸ್ವಾರಸ್ಯದ ಸಂಗತಿ; ಏಕೆಂದರೆ ಆ ತಗರವೆಂದರೆ ಒಳನಾಡಿನಲ್ಲಿರುವ, ಈಗಿನ ಧಾರಾಶಿವ ಜಿಲ್ಲೆಯ ತೇರ್ ಗ್ರಾಮ. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ತಗರವನ್ನೂ ಕಲ್ಯಾಣವನ್ನೂ ವಾಣಿಜ್ಯಕೇಂದ್ರಗಳೆಂದು ಹೆಸರಿಸಿದೆ. ತೇರ್ ಗ್ರಾಮದ ತ್ರಿವಿಕ್ರಮ ದೇಗುಲದ, ಗಜಪೃಷ್ಠಾಕಾರವಾಗಿ ದುಂಡಗೆ ಬಾಗಿದ ಇಟ್ಟಿಗೆಯ ಗರ್ಭಗೃಹವು ಆ ಪ್ರಾಚೀನತೆಗೆ ಸಾಕ್ಷಿಯಾಗಿ ನಿಂತಿದೆ. ಬಿರುದನ್ನು ನಂಬಿ ಶಿಲಾಹಾರರ ರಾಜಧಾನಿಯನ್ನು ತಗರವೆಂದು ಬರೆಯಲಾಗದು. ಅದು ಪೂರ್ವಜರ ಊರಿನ ಅಭಿಮಾನವಷ್ಟೆ. ಠಾಣೆಯ ಈ ಅರಸರ ಕಾಲದ ಅಂಬರನಾಥ ಶಿವಾಲಯದ ಶಾಸನ ಶಕ 982ರದು, ಎಂದರೆ ಕ್ರಿ.ಶ. 1060; ಅರಸನು ಮುಮ್ಮುಣಿ.