ಅಮೋನಿಯಾ ಸೋರುವ ಮುನ್ನ: ಐಸ್ ಪ್ಲಾಂಟುಗಳಲ್ಲಿ ವಹಿಸಬೇಕಾದ ಎಚ್ಚರ

1984ರ ಡಿಸೆಂಬರ್ 2ರ ನಡುರಾತ್ರಿಯ ಹೊತ್ತಿಗೆ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲವು ಹೊರನುಗ್ಗಿ ಸಹಸ್ರಾರು ಜನರ ಪ್ರಾಣವನ್ನು ಹೀರಿದಾಗ, ಅದನ್ನು ತಡೆಯುವುದಕ್ಕೆಂದೇ ನಿರ್ಮಿಸಿದ್ದ ಸಾಧನಗಳು ಅಲ್ಲಿ ಇಲ್ಲದೆ ಇರಲಿಲ್ಲ. ಆದರೆ ಟ್ಯಾಂಕನ್ನು ತಂಪಾಗಿರಿಸುವ ಯಂತ್ರವನ್ನು ತಿಂಗಳುಗಳ ಮೊದಲೇ ನಿಲ್ಲಿಸಿದ್ದರು, ಅನಿಲವನ್ನು ಸುಟ್ಟುಹಾಕಬೇಕಾದ ಗೋಪುರದ ಕೊಳವೆಯ ತುಂಡೊಂದನ್ನು ದುರಸ್ತಿಗೆಂದು ಕಳಚಿದ್ದರು. ಇದ್ದ ರಕ್ಷಣೆಯನ್ನು ಒಂದೊಂದಾಗಿ ಕೈಬಿಟ್ಟರೆ ಏನಾದೀತೆಂಬ ಈ ಪಾಠವು ಬೃಹತ್ ಕಾರ್ಖಾನೆಗಳಿಗೆ ಮಾತ್ರವಲ್ಲದೆ, ಮಲ್ಪೆಯಂಥ ಮೀನುಗಾರಿಕಾ ಬಂದರುಗಳ ಐಸ್ ಪ್ಲಾಂಟುಗಳಿಗೂ, ಬ್ಯಾಡಗಿ ಸೀಮೆಯ ಮೆಣಸಿನಕಾಯಿಯನ್ನು ಕಾಯ್ದಿರಿಸುವ ಕೋಲ್ಡ್ ಸ್ಟೋರೇಜುಗಳಿಗೂ ಅಷ್ಟೇ ಅನ್ವಯಿಸುತ್ತದೆ; ಏಕೆಂದರೆ ಇಂಥ ಘಟಕಗಳಲ್ಲಿ ತಂಪನ್ನು ಉಂಟುಮಾಡುವ ದ್ರವ್ಯವು ಸಾಮಾನ್ಯವಾಗಿ ಅಮೋನಿಯಾ, ಮತ್ತು ಅವುಗಳ ಗೋಡೆಗೆ ತಾಗಿಯೇ ಜನವಸತಿ ಇರುವುದುಂಟು.

1. ಅನಿಲದ ಸ್ವಭಾವವನ್ನು ಅರಿಯಿರಿ

ಅಮೋನಿಯಾ ಗಾಳಿಗಿಂತ ಹಗುರವೆಂಬುದು ನಿಜವಾದರೂ, ಶೂನ್ಯಕ್ಕಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುವ ಆ ದ್ರವವು ಒತ್ತಡದಿಂದ ಬಿಡುಗಡೆಯಾದೊಡನೆ ಗಾಳಿಯ ತೇವದೊಡನೆ ಬೆರೆತು, ಬಿಳಿಯ ಮಂಜಾಗಿ ನೆಲವನ್ನೇ ಹಿಡಿದು ಹರಿಯಬಲ್ಲದು. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗವನ್ನು ಎಂಟು ಗಂಟೆಯ ದುಡಿಮೆಗೆ ಮಿತಿಯೆಂದು ಗಣಿಸುತ್ತಾರೆ. 300 ಭಾಗವು ಪ್ರಾಣಕ್ಕೇ ಸಂಚಕಾರ. ದಿನವೂ ಅದೇ ವಾಸನೆಯಲ್ಲಿರುವವನ ಮೂಗು ಅದಕ್ಕೆ ಒಗ್ಗಿಹೋಗುವುದರಿಂದ, ಮೂಗನ್ನೇ ನಂಬದೆ ಅನಿಲಸೂಚಕ ಯಂತ್ರವನ್ನು ಅಳವಡಿಸತಕ್ಕದ್ದು.

2. ಕೊಳವೆ, ವಾಲ್ವುಗಳನ್ನು ಪರೀಕ್ಷಿಸಿರಿ

ಶೀತನಿರೋಧಕ ಹೊದಿಕೆಯ ಒಳಗೆ ನೀರು ಸೇರಿ, ಹೊರಗೆ ಯಾವ ಕುರುಹೂ ಕಾಣದಂತೆ ಕಬ್ಬಿಣದ ಕೊಳವೆಯನ್ನು ತುಕ್ಕು ತಿನ್ನುತ್ತಿರುವುದು ಸಾಧ್ಯವಾದ್ದರಿಂದ, ಹೊದಿಕೆ ಹರಿದಲ್ಲಿ ಅದನ್ನು ಬಿಚ್ಚಿ ನೋಡಬೇಕು. ತಾಮ್ರವನ್ನೂ ಹಿತ್ತಾಳೆಯನ್ನೂ ಅಮೋನಿಯಾ ಕೊರೆದುಹಾಕುವುದರಿಂದ ಅವುಗಳ ಬಿಡಿಭಾಗವನ್ನು ತಾತ್ಕಾಲಿಕ ದುರಸ್ತಿಗೂ ಬಳಸಬಾರದು. ಸಂಶಯವಿದ್ದ ಕೀಲಿನ ಬಳಿ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಹಿಡಿದರೆ ಸಾಕು. ಸೋರಿಕೆಯಿದ್ದಲ್ಲಿ ಅದು ನೀಲಿಯಾಗುತ್ತದೆ.

3. ಎಣ್ಣೆ ತೆಗೆಯುವಾಗ ಕದಲದಿರಿ

ಕಂಪ್ರೆಸರಿನಿಂದ ಅಮೋನಿಯಾದೊಡನೆ ಸಾಗಿ ಪಾತ್ರೆಗಳ ತಳದಲ್ಲಿ ನಿಲ್ಲುವ ಎಣ್ಣೆಯನ್ನು ಹೊರತೆಗೆಯುವುದು ನಿತ್ಯದ ಕೆಲಸವೆನಿಸಿದರೂ, ಎಣ್ಣೆ ಮುಗಿದ ಮರುಕ್ಷಣದಲ್ಲಿಯೇ ಅದರ ಹಿಂದೆ ದ್ರವ ಅಮೋನಿಯಾ ನುಗ್ಗಬಹುದಾದ್ದರಿಂದ ಅಪಾಯವು ಅಲ್ಲಿಯೇ ಅಧಿಕ. ಕೈ ಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವನ್ನು ಅಲ್ಲಿ ಜೋಡಿಸಿರಬೇಕು. ಅದನ್ನು ತಂತಿಯಿಂದ ಬಿಗಿದು ತೆರೆದಿಡುವ ರೂಢಿಯನ್ನು ಮಾಲೀಕರು ಸರ್ವಥಾ ಸಹಿಸಕೂಡದು. ಇಬ್ಬರಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಮುಗಿಯುವವರೆಗೆ ಇಬ್ಬರೂ ಸ್ಥಳ ಬಿಡಬಾರದು.

4. ಯೋಜನೆಯನ್ನು ಬರೆದು ಅಭ್ಯಾಸ ಮಾಡಿರಿ

ದ್ರವ ಅಮೋನಿಯಾ ಸಂಗ್ರಹವಾಗುವ ರಿಸೀವರ್ ಟ್ಯಾಂಕಿನಿಂದ ದ್ರವ ಹೊರಡುವ ಮುಖ್ಯ ವಾಲ್ವಿಗೆ ದೂರದಿಂದಲೂ ಕಾಣುವಂತೆ ಫಲಕ ತೂಗುಹಾಕಿ, ಯಾರು ಅದನ್ನು ಮುಚ್ಚಬೇಕು, ಯಾರು ಸೈರನ್ ಮೊಳಗಿಸಬೇಕು, ಯಾರು 112ಕ್ಕೆ ಕರೆಮಾಡಬೇಕೆಂಬುದನ್ನು ಪ್ರತಿ ಪಾಳಿಗೂ ಹೆಸರು ಸಹಿತ ಬರೆದಿಡಬೇಕು. ಕರಾವಳಿಯಲ್ಲಿ ಹಗಲು ಕಡಲಿನಿಂದ ನೆಲದ ಕಡೆಗೂ, ರಾತ್ರಿ ನೆಲದಿಂದ ಕಡಲಿನ ಕಡೆಗೂ ಗಾಳಿ ಬೀಸುವುದು ಸಾಮಾನ್ಯವಾದ್ದರಿಂದ, ಎದುರುಬದುರು ದಿಕ್ಕಿನಲ್ಲಿ ಜನ ಬಂದು ಸೇರಬೇಕಾದ ಎರಡು ಸ್ಥಳಗಳನ್ನು ಗೊತ್ತುಮಾಡಿ, ಗಾಳಿಯ ದಿಕ್ಕು ತೋರುವ ಗಾಳಿಚೀಲವನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಕಟ್ಟಬೇಕು. ನಿಗದಿತ ಪ್ರಮಾಣವನ್ನು ಮೀರಿ ಅಪಾಯಕಾರಿ ರಾಸಾಯನಿಕ ಇಟ್ಟವರು ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕೆಂದು ಇಂಥ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ ಕುರಿತ 1989ರ ಕೇಂದ್ರ ನಿಯಮಗಳು ವಿಧಿಸುತ್ತವೆ. ಸಂಗ್ರಹ ಕಡಿಮೆಯೆಂದು ನಿಯಮದಿಂದ ಹೊರಗುಳಿಯುವ ಸಣ್ಣ ಘಟಕವೂ ಈ ಅಭ್ಯಾಸವನ್ನು ಕೈಬಿಡಲಾಗದು. ಇಕ್ಕಟ್ಟಾದ ಕೋಣೆಯೊಳಗೆ ಒಬ್ಬನ ಉಸಿರು ಕಟ್ಟಿಸಲು ಅತ್ಯಲ್ಪ ಅನಿಲವೂ ಸಾಕು.

5. ಸೋರಿದಾಗ ಹೀಗೆ ಮಾಡಿರಿ

ಕೆಲಸಗಾರರಾಗಲಿ ನೆರೆಯವರಾಗಲಿ, ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಅನಿಲದ ಹಾದಿಗೆ ಅಡ್ಡಲಾಗಿ ಸರಿದು, ಬಳಿಕ ಗಾಳಿ ಬರುವ ದಿಕ್ಕಿಗೆ ಸಾಗಬೇಕು. ಹೊರಬರಲು ಮಾರ್ಗವಿಲ್ಲದವರು ಕಿಟಕಿ ಬಾಗಿಲು ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನು ಆರಿಸಿ ಒಳಗಿರಲಿ. ಸಿಲಿಂಡರಿನಿಂದ ಗಾಳಿ ಒದಗಿಸುವ ಉಸಿರಾಟದ ಸಾಧನ ಧರಿಸಿದ, ತರಬೇತಿ ಪಡೆದ ಇಬ್ಬರ ಹೊರತು ಯಾರೂ ಒಳನುಗ್ಗಬಾರದು. ಅನಿಲದ ಮೋಡಕ್ಕೆ ನೀರಿನ ತುಂತುರು ಹಾಯಿಸಿದರೆ ಅದು ಅನಿಲವನ್ನು ಹೀರಿಕೊಳ್ಳುತ್ತದೆ. ಆದರೆ ನೆಲದಲ್ಲಿ ನಿಂತ ದ್ರವದ ಮೇಲೆ ನೀರು ಸುರಿದರೆ ಅದು ಇನ್ನಷ್ಟು ಕುದಿದು ಮೇಲೇಳುವುದರಿಂದ, ಆ ತಪ್ಪನ್ನು ಮಾಡಲೇಬಾರದು. ಕಣ್ಣಿಗೆ ತಗಲಿದ್ದರೆ ಕನಿಷ್ಠ 15 ನಿಮಿಷ ಎಡೆಬಿಡದೆ ಶುದ್ಧ ನೀರಿನಿಂದ ತೊಳೆದು, ವೈದ್ಯರ ಬಳಿಗೆ ಒಯ್ಯಿರಿ. ಬಟ್ಟೆ ಚರ್ಮಕ್ಕೆ ಹೆಪ್ಪುಗಟ್ಟಿ ಅಂಟಿದ್ದರೆ ನೀರಿನಿಂದ ನೆನೆಸಿದ ಮೇಲೆಯೇ ಬಿಡಿಸಬೇಕು.

6. ನೆರೆಹೊರೆಯನ್ನು ಕತ್ತಲಲ್ಲಿಡದಿರಿ

ಸೈರನಿನ ಅರ್ಥವನ್ನೂ, ಓಡಬೇಕಾದ ದಿಕ್ಕನ್ನೂ ಸುತ್ತಲಿನ ಮನೆಗಳಿಗೆ, ಶಾಲೆಗೆ, ಅಂಗಡಿಗಳಿಗೆ ಮುಂಚಿತವಾಗಿ ತಿಳಿಸುವುದರಿಂದ ಭೀತಿ ಹರಡುವುದೆಂಬ ಶಂಕೆ ನಿರಾಧಾರವಾದುದು. ತಿಳಿಯದವನೇ ಗಾಬರಿಯಲ್ಲಿ ಅನಿಲದ ದಾರಿಯಲ್ಲಿಯೇ ಓಡುವನು. ಆದ್ದರಿಂದ ಮಾಲೀಕರು ಮುಖ್ಯ ವಾಲ್ವು ಸಲೀಸಾಗಿ ತಿರುಗುವುದೇ, ಉಸಿರಾಟದ ಸಾಧನದ ಸಿಲಿಂಡರು ತುಂಬಿದೆಯೇ, ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬರುವುದೇ ಎಂಬ ಮೂರನ್ನು ಈ ವಾರದಲ್ಲಿಯೇ ಸ್ವತಃ ಪರೀಕ್ಷಿಸಿ, ಕೆಟ್ಟಿರುವುದನ್ನು ಸರಿಪಡಿಸಿದ ಬಳಿಕವೇ ಮುಂದಿನ ಪಾಳಿಯನ್ನು ಆರಂಭಿಸಲಿ.