ಪಾದದ ಕೀಲಿಗೆ ಚುಚ್ಚುಮದ್ದು: ನಿಖರತೆಯೇ ರಕ್ಷೆ

ಗುಲ್ಫವನ್ನು, ಅಂದರೆ ಕಾಲಿನ ಹರಡನ್ನು, ಸುಶ್ರುತಾಚಾರ್ಯರು ಸಂಧಿಮರ್ಮವೆಂದೂ ಪೆಟ್ಟಾದರೆ ನೋವನ್ನುಳಿಸುವ ಸ್ಥಾನವೆಂದೂ ಗಣಿಸಿದ್ದಾರೆ. ಆದ್ದರಿಂದ ಇಲ್ಲಿಗೆ ಚುಚ್ಚುಮದ್ದು ಕೊಡುವಾಗ ಸೂಜಿಯ ಗುರಿ ತಪ್ಪಬಾರದು.

ಒಳಹರಡಿನ ಎಲುಬಿಗೂ, ಪಾದ ಮೇಲೆತ್ತಿದಾಗ ಮುಂದೆ ಎದ್ದು ಕಾಣುವ ಸ್ನಾಯುರಜ್ಜುವಿಗೂ ನಡುವಿನ ತಗ್ಗನ್ನು ಬೆರಳಿನಿಂದ ಗುರುತಿಸಿ ತಜ್ಞರು ಸೂಜಿಯಿಳಿಸುತ್ತಾರೆ. ಪಾದದ ಚಿಕ್ಕ ಕೀಲುಗಳು ಸ್ಪರ್ಶಕ್ಕೆ ಸುಲಭವಾಗಿ ಸಿಗವು. ಅಲ್ಲಿ ಅಲ್ಟ್ರಾಸೌಂಡ್ ನೋಡುತ್ತ ಚುಚ್ಚುವುದು ಹೆಚ್ಚು ನಿಖರ.

ಸ್ಟೀರಾಯ್ಡ್ ಔಷಧವು ಹಿಮ್ಮಡಿಯ ಮೇಲಿನ ದಪ್ಪ ರಜ್ಜುವನ್ನು ಸೇರಿದರೆ ಅದು ಹರಿಯುವ ಅಪಾಯವುಂಟು. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರಬಹುದು. ಮೊದಲೇ ವೈದ್ಯರಿಗೆ ತಿಳಿಸಬೇಕು. ಚುಚ್ಚುವೆಡೆ ಹುಣ್ಣು, ಕೀವು ಇದ್ದರೆ ಚುಚ್ಚಿಸಲಾಗದು.

ತೈಲ, ಸ್ವೇದನಗಳಿಗೆ ಬಗ್ಗದ ನೋವಿಗೆ ಈ ಚಿಕಿತ್ಸೆಯನ್ನು ನಾವು ಬೇಡವೆನ್ನೆವು. ಆದರೆ ಅನುಭವವುಳ್ಳ ತಜ್ಞರಲ್ಲಿಯೇ ಮಾಡಿಸಿಕೊಳ್ಳಿರೆಂದು ಸದ್ಭಕ್ತರಲ್ಲಿ ವಿನಂತಿಸುತ್ತೇವೆ.